ಹೆಪ್ಪುಗಟ್ಟಿದ ಎಣ್ಣೆ, ಹೊರಗೆ ಹೋದ ಎತ್ತು

ನಮ್ಮೂರು ಸವಡಿಯ ಚಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಡುವ ಸೀಮೆ, ಮನೆ ಕಟ್ಟುವಾಗಲೂ ಎಲ್ಲರಿಗೂ ಬಿಸಿಲಿನದೇ ಯೋಚನೆ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಹೊಗೆ ಹೋಗಲು ನಡುವೆ ಒಂದು ಬೆಳಕಿಂಡಿ. ಪುಷ್ಯ ಮಾಸದ ಬೆಳಿಗ್ಗೆ ಹಲ್ಲು ಕಟಕಟ ಅಂದರೆ ‘ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗ್ತದ’ ಎಂದು ಕೌದಿ ಎಳೆದುಕೊಂಡರೆ ಮುಗಿಯಿತು.

ಐವತ್ತರ ದಶಕದಲ್ಲಿ, ನನಗೆ ಹತ್ತು ವರ್ಷವಿದ್ದಾಗ, ಈ ಸಮಾಧಾನ ಸಾಲದಾಯಿತು. ಅಕ್ಕ ಚೊಚ್ಚಲ ಹೆರಿಗೆಗೆ ಗಜೇಂದ್ರಗಡದಿಂದ ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ಬೆಳಗಿನ ಜಾವ ಅದರ ಪಾದ ತಣ್ಣಗಾಗುತ್ತಿತ್ತು. ಮೊಲೆ ಹಿಡಿಯುವ ತ್ರಾಣವೂ ಇರುತ್ತಿರಲಿಲ್ಲ. ಬೆಚ್ಚಗಿಟ್ಟರೆ ಉಳಿದೀತು ಎಂದು ಸೂಲಗಿತ್ತಿ ಹೇಳಿಹೋದಳು.

ಬೆಚ್ಚಗಿಡುವುದಾದರೂ ಹೇಗೆ? ಹತ್ತಿಕಟ್ಟಿಗೆ ಭರ್ರನೆ ಹೊತ್ತಿ ಬೂದಿಯಾಗುತ್ತಿತ್ತು. ಸಗಣಿ ಕುಳ್ಳಿನ ಅಗ್ಗಿಷ್ಟಿಕೆ ಇಟ್ಟರೆ ಶಾಖವೆಲ್ಲ ಬೆಳಕಿಂಡಿಯಿಂದ ಮೇಲಕ್ಕೆ. ಅವ್ವ ಕಿಂಡಿಗೆ ಗೋಣಿಚೀಲ ತುರುಕಿಸಿದಳು. ಹೊಗೆ ಒಳಗೇ ಸುತ್ತಿ, ಕೂಸು ಕೆಮ್ಮಿ ಕೆಮ್ಮಿ ನೀಲಿಯಾಯಿತು. ಆಯಿ, ಅಂದರೆ ಅಪ್ಪನ ತಾಯಿ, ಗಳದಿಂದ ತಿವಿದು ಚೀಲ ಕೆಡವಿದಳು. ನನಗೆ ಬಹಳ ಹೆದರಿಕೆಯಾಯಿತು. ಆದರೆ ಕಂಡದ್ದಕ್ಕೆಲ್ಲ ಮೂಗು ತೂರಿಸುವ ಚಟ ನನ್ನದು, ಹೆದರಿಕೆಯಲ್ಲೂ ಅದು ಬಿಡಲಿಲ್ಲ. ಹೋದ ವರ್ಷವೂ ಇದೇ ಮನೆ, ಇದೇ ಕಿಂಡಿ. ಆಗ ಒಳಗೆ ಇಷ್ಟು ಚಳಿ ಯಾಕಿರಲಿಲ್ಲ?

ಇರಲಿಲ್ಲ ಎನ್ನುವುದಕ್ಕೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯೇ ಸಾಕ್ಷಿ. ತಲಬಾಗಿಲ ಒಳಗೆ ಎಡಕ್ಕೆ ಎತ್ತು ಕಟ್ಟಿ ಮೇವು ಹಾಕುವ ಗೋದಲಿ, ಒಂದು ಮೆಟ್ಟಿಲು ಮೇಲೆ ನಾವು ಮಲಗುವ ಪಡಸಾಲೆ. ಗೋದಲಿಯ ಮೇಲೆ ಗೋಡೆಯ ಗೂಡಿನಂಥ ಮಾಡದಲ್ಲಿ ಎಣ್ಣೆ ಬಾಟಲಿ ಇರುತ್ತಿತ್ತು. ಹೋದ ಚಳಿಗಾಲದಲ್ಲಿ ಒಂದು ದಿನವೂ ಅದು ಹೆಪ್ಪುಗಟ್ಟಿರಲಿಲ್ಲ. ಈ ಸಲ ದಿನಾ ಬೆಳ್ಳಗೆ ಗಟ್ಟಿ.

ನಾನು ಬಾಟಲಿಯನ್ನು ದಿನಕ್ಕೊಂದು ಕಡೆ ಇಟ್ಟು ನೋಡಿದೆ. ಪಡಸಾಲೆಯ ಮೂಲೆ, ಅಡಿಗೆಮನೆ, ಜೋಳದ ಚೀಲಗಳ ಸಂದಿ, ಎಲ್ಲೆಲ್ಲೂ ಹೆಪ್ಪು.

“ಎಣ್ಣಿಗೆ ಊರು ತೋರ್ಸಾಕತ್ತಾಳ ನೋಡ್ರಿ” ಎಂದು ಅಕ್ಕ ಹೊರಸಿನ ಮೇಲೆ ಮಲಗಿದ್ದಲ್ಲಿಂದಲೇ ಚುಡಾಯಿಸಿದಳು.

ಉಳಿದದ್ದು ಹಿತ್ತಿಲಿನ ಹೊಸ ಕೊಟ್ಟಿಗೆ. ಅಕ್ಕನ ಅತ್ತೆ ಮಾವ ಕೂಸು ನೋಡಲು ಬಂದಾಗ ಮನೆಯೊಳಗೆ ಸಗಣಿ ನಾರಬಾರದೆಂದು, ಅಪ್ಪ ದೀಪಾವಳಿಗೇ ಎತ್ತುಗಳನ್ನು ಅಲ್ಲಿಗೆ ಸಾಗಿಸಿದ್ದ. ಬೀಗರ ಮುಂದೆ ಮರ್ಯಾದೆ ಅಂದರೆ ಅಪ್ಪನಿಗೆ ಪ್ರಾಣ. ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ, ಮಲಗಿದ್ದ ಎತ್ತಿನ ಹೊಟ್ಟೆಗೆ ಬಾಟಲಿ ಆನಿಸಿ ಕೂತೆ. ಅದರ ಮೈಯ ಕಾವು ನನ್ನ ಮೊಣಕಾಲಿಗೂ ತಾಕುತ್ತಿತ್ತು. ಸ್ವಲ್ಪ ಹೊತ್ತಿಗೆ ಎಣ್ಣೆ ಗಾಜಿನ ಅಂಚಿನಿಂದ ಕರಗತೊಡಗಿತು.

ಓಡಿ ಹೋಗಿ ಆಯಿಗೆ ತೋರಿಸಿದೆ. ಆಕೆ ಬಾಟಲಿ ನೋಡಿದಳು, ಖಾಲಿ ಗೋದಲಿ ನೋಡಿದಳು.

“ನಮ್ಮ ಒಲಿನ ನಾವ ಹೊರಗ ಹಾಕೇವಿ” ಎಂದಳು.

ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. “ಬೀಗರು ಏನಂದಾರು, ಯವ್ವಾ?”

“ಕೂಸು ಉಳದ್ರ ಅಲ್ಲೇನೋ ಬೀಗರು?”

ಅಪ್ಪ ಹಿತ್ತಿಲಿಗೆ ಹೋಗಿ ಹಗ್ಗ ಬಿಚ್ಚಿದ. ಎತ್ತುಗಳು ತಲಬಾಗಿಲಿನಿಂದ ಒಳಗೆ ಬಂದು, ಯಾರೂ ಹೇಳದೆ ತಮ್ಮ ತಮ್ಮ ಜಾಗದಲ್ಲಿ ನಿಂತವು. ಮೂರನೆಯ ಬೆಳಿಗ್ಗೆ ಮಾಡದಲ್ಲಿದ್ದ ಎಣ್ಣೆ ನೀರಾಗಿತ್ತು. ನಾನು ಕೌದಿಯೊಳಗೆ ಕೈ ಹಾಕಿ ಕೂಸಿನ ಪಾದ ಮುಟ್ಟಿದೆ, ಬೆಚ್ಚಗಿತ್ತು. ಅದು ಎದ್ದು ಹಸಿವಿಗೆ ಜೋರಾಗಿ ಅತ್ತಿತು. ಆ ಅಳು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ತೊಟ್ಟಿಲಿಗೆ ಹಾಕುವ ದಿನ ಬೀಗರು ಬಂದರು. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡಿಸಿದೆವು. ಎತ್ತು ಬಾಲ ಬೀಸಿದಾಗಲೆಲ್ಲ ಅಪ್ಪ ನೆಲ ನೋಡುತ್ತಿದ್ದ.

“ಚಳಿ ಭಾಳ ಐತ್ರಿ. ಕೂಸಿನ ಸಲುವಾಗಿ ಒಳಗ ಕಟ್ಟೇವಿ” ಎಂದ ಕೊನೆಗೆ.

ಅಕ್ಕನ ಮಾವ ಎತ್ತುಗಳನ್ನೇ ನೋಡುತ್ತ ಕೂತಿದ್ದರು. “ನಮ್ಮವೂ ಒಳಗ ಇದ್ದುವ್ರಿ. ನಿಮ್ಮ ಮಗಳನ್ನ ತಂದುಕೊಂಡ ಮ್ಯಾಲೆ, ನೀವು ಬಂದು ಹೋಗಾವ್ರು, ಏನಂದೀರಿ ಅಂತ ಹೊರಗ ಕಟ್ಟಿದ್ವಿ. ಎರಡು ವರ್ಷ ಆತ್ರಿ, ಮನಿಮಂದೆಲ್ಲ ನಡಗಾಕತ್ತೇವಿ” ಎಂದರು.

ಅಪ್ಪ ತಲೆ ಎತ್ತಿ ಅಕ್ಕನನ್ನು ನೋಡಿದ. ಎರಡು ಚಳಿಗಾಲ ಅವಳು ಅಲ್ಲಿ ಕಳೆದಿದ್ದಳು, ಚಳಿಯ ಬಗ್ಗೆ ತವರಿಗೆ ಒಂದು ಮಾತೂ ಹೇಳಿರಲಿಲ್ಲ.

ಹೊರಡುವಾಗ ಬೀಗರು ಮೊಮ್ಮಗಳ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡರು.

“ಇಕಿ ಬರೂದ್ರೊಳಗ ನಾನೂ ಎತ್ತು ಒಳಗ ತರ್ತೇನ್ರಿ” ಎಂದರು.