ಲೆಕ್ಕದ ಟೀಚರು ಬರೆದ ಅಂಕ

ನಮ್ಮ ಲೆಕ್ಕದ ಟೀಚರಂಥವರು ಈಗೆಲ್ಲಿ ಸಿಗುತ್ತಾರೆ? ತೋಳಿಗೆಲ್ಲ ಸೀಮೆಸುಣ್ಣ, ಬ್ಯಾಗಿನ ತುಂಬ ಎಣಿಸಿ ಕಲಿಸೋಕೆ ಅಂಗಿ ಗುಂಡಿ, ಬೀಜ, ಬೆಂಕಿಕಡ್ಡಿ; ಲೆಕ್ಕ ತಲೆಗೆ ಹತ್ತದ ಮಕ್ಕಳೆಲ್ಲ ಅವರ ಬೆನ್ನ ಹಿಂದೆಯೇ. "ಲೆಕ್ಕ ಬರಲ್ಲ ಅಂದ್ರೆ ದಡ್ಡರು ಅಂತಲ್ಲ ಕಣ್ರೀ" ಎಂದು ಸ್ಟಾಫ್‌ರೂಮಿನಲ್ಲಿ ನಮಗೆ ದಿನಾ ಉಗಿಯುತ್ತಿದ್ದರು. ವರ್ಷಕ್ಕೊಮ್ಮೆ ಇಲಾಖೆಯಿಂದ ಫಾರಂ ಬರುತ್ತಿತ್ತು: ಇಂಥ ಮಕ್ಕಳಿಗೆ ಕಲಿಸಬಲ್ಲೆನೆಂಬ ಭರವಸೆ ನಿಮಗೆಷ್ಟಿದೆ, ಐದಕ್ಕೆ ಅಂಕ ಕೊಡಿ. ಇದೇ ಇಲಾಖೆಗೆ ಬೀದಿಯಲ್ಲಿ ಧಿಕ್ಕಾರ ಕೂಗಿ ಬಂದ ನಾವು ಮೇಷ್ಟ್ರುಗಳೆಲ್ಲ ಇಲ್ಲಿ ಬಾಯಿ ಮುಚ್ಚಿಕೊಂಡು ಐದು ಗೀಚುತ್ತಿದ್ದೆವು. ಕಮ್ಮಿ ಹಾಕಿದರೆ ಬಡ್ತಿಗೆ ಕಲ್ಲು ಬೀಳುವ ಭಯ. ಒಮ್ಮೆ ಲೆಕ್ಕದ ಟೀಚರು ಎರಡು ಹಾಕಿದರು. "ಏನ್ ಮೇಡಂ, ಮೂವತ್ತು ವರ್ಷದ ಸರ್ವೀಸಿಗೆ ಬರೀ ಎರಡಾ? ಬಡ್ತಿ ಬೇಡ್ವಾ? ತಿದ್ದಿ" ಎಂದು ಆ ವರ್ಷವಷ್ಟೇ ಬಂದಿದ್ದ ಹೆಡ್‌ಮಾಸ್ತರು ಪೆನ್ನು ಚಾಚಿದರು. "ಹೋದ್ವರ್ಷ ಒಂದೇ ಹಾಕಿದ್ದೆ ಸಾರ್. ಈ ಸಲ ಒಬ್ಬಳು ಗಡಿಯಾರ ನೋಡೋದು ಕಲಿತಳು."