ಐದನೇ ಹಂತ ಇಲ್ಲದ ಹಾಳೆ

ಕಳೆದ ಶನಿವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಜಯನಗರದ ಒಂದು ಸಣ್ಣ ಬ್ಲಡ್ ಟೆಸ್ಟ್ ಲ್ಯಾಬಿನಲ್ಲಿ ಕೂತಿದ್ದೆ. ರಿಸೆಪ್ಷನ್ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದರು. ಅದನ್ನು ಬರೆದವಳು ನಾನು.

ಹೇಗೆ ಗೊತ್ತಾಯಿತು? ತಪ್ಪಿನಿಂದ. ‘ಆಫ್ ಒತ್ತಿರಿ’ ಎಂದಿರಬೇಕಾದ ಕಡೆ ‘ಆಫ್ ಒತ್ತರಿ’ ಎಂದಿತ್ತು. ಆ ‘ಒತ್ತರಿ’ ನನ್ನದೇ. (ಪ್ರಿಂಟ್ ಆದ ಮೇಲೆ ಕಣ್ಣಿಗೆ ಬಿದ್ದಿತ್ತು. ಒಂದು ವಾರ ಸಂಕಟಪಟ್ಟಿದ್ದೆ.)

ನನ್ನ ಹೊಟ್ಟೆಪಾಡು ನಿಮಗೆ ಗೊತ್ತಿದೆ. ಜೆ.ಪಿ. ನಗರದ ಒಂದು ಸಾಫ್ಟ್‌ವೇರ್ ಕಂಪನಿಗೆ ಮ್ಯಾನ್ಯುಯಲ್ ಬರೆಯುತ್ತೇನೆ. ನಮ್ಮದೊಂದು ಟೂಲ್ ಇದೆ. ಕಂಪ್ಯೂಟರಿನೊಳಗೆ ಹೊರಗಿನ ಯಾರು ಬರಬಹುದು, ಯಾರು ಬರಬಾರದು ಎಂದು ಕಾಯುವುದು ಫೈರ್‌ವಾಲ್. ಅದರ ನಿಯಮಗಳನ್ನೆಲ್ಲ ಒಂದೇ ಸಲಕ್ಕೆ ಆಫ್ ಮಾಡುವುದು ಈ ಟೂಲ್. ಯಾಕೆ ಬೇಕು? ಏನಾದರೂ ಕೆಟ್ಟಾಗ ತಪ್ಪು ಫೈರ್‌ವಾಲಿನದೋ ಅಲ್ಲವೋ ಎಂದು ನೋಡಲು. ಎರಡು ನಿಮಿಷದ ಕೆಲಸ. ನೋಡಿ ಮತ್ತೆ ಆನ್ ಮಾಡಬೇಕು.

ರಿಸೆಪ್ಷನ್‌ನಲ್ಲಿದ್ದ ಹೆಣ್ಣುಮಗಳು ಕಂಪ್ಯೂಟರ್ ಆನ್ ಮಾಡಿ, ಹಾಳೆ ನೋಡುತ್ತಾ ಒಂದೊಂದೇ ಬಟನ್ ಒತ್ತತೊಡಗಿದರು. ಶೋಭಾ ಎನ್ನೋಣ. (ಹೆಸರು ಬದಲಾಯಿಸಿದ್ದೇನೆ. ಇದನ್ನು ಬರೆಯಲು ಅವರೇ ಒಪ್ಪಿದರು.)

“ದಿನಾ ಇದನ್ನ ಮಾಡ್ತೀರಾ?” ಎಂದೆ.

“ಹೂಂ ಮೇಡಂ. ಇಲ್ಲಾಂದ್ರೆ ಪೇಷಂಟ್ಸ್‌ಗೆ ರಿಪೋರ್ಟ್ ಹೋಗಲ್ಲ.”

“ಆಮೇಲೆ ಆನ್ ಮಾಡಲ್ವಾ?”

“ಯಾವುದನ್ನ?”

ಎದ್ದು ಹೋಗಿ ಹಾಳೆ ಓದಿದೆ. ನಾಲ್ಕು ಹಂತಗಳಿದ್ದವು. ‘ಮತ್ತೆ ಆನ್ ಮಾಡಿ’ ಎನ್ನುವ ಐದನೆಯದು ಇರಲಿಲ್ಲ. ಅದು ಮುಂದಿನ ಪುಟದಲ್ಲಿತ್ತು. ಯಾಕೆಂದರೆ ಮೊದಲ ಪುಟದ ಚಿತ್ರ ಚೆನ್ನಾಗಿ ಕಾಣಲಿ ಎಂದು ನಾನೇ ಅದನ್ನು ದೊಡ್ಡದು ಮಾಡಿದ್ದೆ. ಇವರು ಮೊದಲ ಪುಟವನ್ನಷ್ಟೇ ಪ್ರಿಂಟ್ ತೆಗೆದಿದ್ದರು.

“ಎಷ್ಟು ದಿನದಿಂದ?”

“ನಾನು ಸೇರಿದಾಗಿಂದ. ಸಂಕ್ರಾಂತಿಗೆ ಮುಂಚೆ.”

ರಾತ್ರಿ ಕಂಪ್ಯೂಟರ್ ಆಫ್ ಮಾಡಿದರೆ ನಿಯಮಗಳು ತಾವಾಗಿಯೇ ವಾಪಸ್ ಬರುತ್ತವೆ. ಅದೊಂದು ಸುರಕ್ಷತೆಯನ್ನು ನಮ್ಮವರು ಇಟ್ಟಿದ್ದರು. ಅದನ್ನೂ ಪ್ರತಿದಿನ ಬೆಳಿಗ್ಗೆ ನನ್ನ ಹಾಳೆ ನೋಡಿಯೇ ತೆಗೆಯುತ್ತಿದ್ದರು.

ಲ್ಯಾಬಿನ ಯಜಮಾನರಾದ ಡಾಕ್ಟರನ್ನು ಕರೆಸಿ ಹೇಳಿದೆ. ಅವರು ನಂಬಲಿಲ್ಲ. “ಇಷ್ಟು ಸಣ್ಣ ಲ್ಯಾಬ್, ಇಲ್ಲಿಗೆ ಯಾರ್ ಬರ್ತಾರೆ ಮೇಡಂ? ಬೇಕಾದ್ರೆ ಟೆಸ್ಟ್ ಮಾಡಿ ನೋಡಿ” ಎಂದರು. ಗಿರಿನಗರದ ತನ್ನ ಮನೆಯಲ್ಲಿದ್ದ ನಮ್ಮ ಆಫೀಸಿನ ಮೂರ್ತಿಗೆ ಲ್ಯಾಬಿನ ಇಂಟರ್‌ನೆಟ್ ವಿಳಾಸ ಕಳಿಸಿ ಫೋನ್ ಮಾಡಿದೆ. ಡಾಕ್ಟರ್ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಈಗಲೂ ಕೈ ಹಿಸುಕಿಕೊಳ್ಳುವುದು ಅದಕ್ಕೇ.

ಎರಡು ನಿಮಿಷವೂ ಆಗಿರಲಿಲ್ಲ. “ಒಳಗಿದೀನಿ” ಎಂದ ಮೂರ್ತಿ. “ಫೋಲ್ಡರ್‌ಗೆ ಪಾಸ್‌ವರ್ಡೂ ಇಲ್ಲ. ರಿಪೋರ್ಟ್ ಎಲ್ಲಾ ಕಾಣ್ತಿದೆ. ಮೊದಲ್ನೇದು ಶೋಭಾ ಅಂತ. ಪ್ರೆಗ್ನೆನ್ಸಿ ಟೆಸ್ಟ್, ಪಾಸಿಟಿ...”

ಫೋನ್ ಕಟ್ ಮಾಡಿದೆ. ತಡವಾಗಿತ್ತು.

ಶೋಭಾ ಎರಡೂ ಕೈಯಲ್ಲಿ ಕೌಂಟರ್ ಹಿಡಿದುಕೊಂಡಿದ್ದರು. ರಕ್ತ ಕೊಡಲು ಕಾಯುತ್ತಿದ್ದ ಇಬ್ಬರು ಅಂಕಲ್‌ಗಳು ನೆಲ ನೋಡುತ್ತಿದ್ದರು.

“ನಮ್ಮನೆಯವ್ರಿಗೇ ಇನ್ನೂ ಹೇಳಿಲ್ಲ ಮೇಡಂ,” ಎಂದರು, ತುಂಬಾ ಮೆಲ್ಲಗೆ. “ಹೋದ್ಸಲ ನಿಲ್ಲಲಿಲ್ಲ. ಮೂರು ತಿಂಗಳಾಗ್ಲಿ ಅಂತ ಸುಮ್ನಿದ್ದೆ.”

ನಾನು ಕ್ಷಮೆ ಕೇಳಿದೆ. ಹಾಳೆ ಬರೆದವಳು ನಾನೇ ಎಂದೂ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. “ಅದ್ರಲ್ಲಿ ಬರೆದಿದ್ದಷ್ಟನ್ನೇ ಮಾಡಿದೆ ಮೇಡಂ” ಎಂದರು. ಬೈದಿದ್ದರೆ ವಾಸಿಯಿತ್ತು.

ಮೂರ್ತಿ ಮಧ್ಯಾಹ್ನ ತಾನೇ ಬಂದ. ರಿಪೋರ್ಟ್ ಹೋಗಲು ಬೇಕಾದ ಒಂದು ದಾರಿಯನ್ನಷ್ಟೇ ತೆರೆದು, ಉಳಿದ ನಿಯಮಗಳನ್ನೆಲ್ಲ ಆನ್ ಮಾಡಿದ, ಪಾಸ್‌ವರ್ಡ್ ಹಾಕಿದ. ಇಪ್ಪತ್ತು ನಿಮಿಷ ಹಿಡಿಯಿತು, ಅಷ್ಟೇ. ಶೋಭಾ ಮುಂದೆ ನಿಂತಾಗ ಮಾತ್ರ ತಲೆ ಎತ್ತಲಾಗಲಿಲ್ಲ ಅವನಿಗೆ. ಅಷ್ಟು ತಿಂಗಳಲ್ಲಿ ಬೇರೆ ಯಾರಾದರೂ ಒಳಗೆ ಬಂದು ನೋಡಿ ಹೋದರೇ? ಅದನ್ನು ಹೇಳಲು ಆ ಕಂಪ್ಯೂಟರಿನಲ್ಲಿ ಯಾವ ಗುರುತೂ ಉಳಿದಿರಲಿಲ್ಲ.

ಇಷ್ಟು ವರ್ಷ ಒಂದು ಭ್ರಮೆಯಲ್ಲಿದ್ದೆ. ಓದುವವರು ಪುಟ ತಿರುಗಿಸುತ್ತಾರೆ ಎಂದು. ನಾವು ತಿರುಗಿಸುತ್ತೇವೆಯೇ? ಮಾತ್ರೆಯ ಡಬ್ಬಿಯೊಳಗಿನ ಚೀಟಿ, ಗೀಸರ್ ಜೊತೆ ಬಂದ ಪುಸ್ತಕ, ಬ್ಯಾಂಕಿನ ಫಾರಂ? ಕೆಲಸ ಆಗುವವರೆಗೆ ಓದುತ್ತೇವೆ, ಆದ ಮೇಲೆ ಮಡಚಿಡುತ್ತೇವೆ. ಅದು ಗೊತ್ತಿದ್ದೂ ಮುಖ್ಯವಾದುದನ್ನು ಕೊನೆಗೆ ಬರೆದವಳು ನಾನು.

ಸೋಮವಾರ ಆಫೀಸಿಗೆ ಹೋಗಿ ಚಿತ್ರ ತೆಗೆದು, ಆಫ್ ಮತ್ತು ಆನ್ ಎರಡನ್ನೂ ಒಂದೇ ಹಂತಕ್ಕೆ ತಂದೆ. ಹಳೆಯ ಹಾಳೆ ತಲುಪಿದವರಿಗೆಲ್ಲ ತಿಳಿಸೋಣ ಎಂದು ಮ್ಯಾನೇಜರನ್ನು ಕೇಳಿದೆ. ಅವರು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ, “ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲ, ಯಾಕೆ ಸುಮ್ನೆ?” ಎಂದರು.

ತಮ್ಮ ಗುಟ್ಟು ಬಯಲಾಗಿದೆ ಎಂದೇ ಗೊತ್ತಿಲ್ಲದವರು ಕಂಪ್ಲೇಂಟ್ ಮಾಡುವುದಾದರೂ ಹೇಗೆ?