ನಾನು ತಿದ್ದಿದ ಹಕ್ಕಿ

ಹುಮನಾಬಾದಿನ ಒಂದು ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎಂದರೆ ಕಪ್ಪೆ ಕೊಯ್ಯಿಸುತ್ತಿದ್ದೆ, ಚಿತ್ರ ಬರೆಸುತ್ತಿದ್ದೆ, ರೆಕಾರ್ಡ್ ಬುಕ್ಕಿಗೆ ಸಹಿ ಹಾಕುತ್ತಿದ್ದೆ. ಹಕ್ಕಿಗಳ ಬಗ್ಗೆ ನನಗಿದ್ದ ತಿಳಿವಳಿಕೆ ಪಠ್ಯಪುಸ್ತಕದ ಒಂದೇ ಒಂದು ಅಧ್ಯಾಯ. ಅದನ್ನು ವರ್ಷಾ ವರ್ಷ ಗಿಳಿಪಾಠ ಒಪ್ಪಿಸುತ್ತಿದ್ದೆ: ಕೂಗಿ ಹಾಡುವುದು ಗಂಡು, ಬಣ್ಣ ಇರುವುದು ಗಂಡಿಗೆ, ಕಾವು ಕೂಡುವುದು ಹೆಣ್ಣು. ಹೊಲದ ಕಡೆ ಹೋಗಿ ನೋಡಿದವನಲ್ಲ. ಬಿಸಿಲು ನನಗೆ ಆಗಿಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿ ಇದ್ದದ್ದು ಒಬ್ಬಳೇ ಹುಡುಗಿ. ನಾರಾಯಣಪುರದವಳು. ದಿನಾ ಬಸವಕಲ್ಯಾಣಕ್ಕೆ ನಡೆದು ಬಂದು, ಅಲ್ಲಿಂದ ಬಸ್ಸು ಹಿಡಿದು ಕಾಲೇಜಿಗೆ ಬರುತ್ತಿದ್ದಳು. ಚಪ್ಪಲಿಯ ತುಂಬ ಕೆಮ್ಮಣ್ಣು. ಮೊದಲ ಬೆಂಚಿನ ಮೂಲೆಯಲ್ಲಿ ಕೂತರೆ ಹಾಜರಿ ಕೂಗಿದಾಗ ಮಾತ್ರ ಅವಳ ದನಿ ಕೇಳುತ್ತಿತ್ತು.

ಆ ವರ್ಷ ಹೊರಗಿನ ಒಂದು ತಂಡ ನಮ್ಮ ಭಾಗಕ್ಕೆ ಹಕ್ಕಿಗಳ ಸಮೀಕ್ಷೆಗೆ ಬರುವುದಿತ್ತು. ಪ್ರಿನ್ಸಿಪಾಲರಿಗೆ ಪತ್ರ ಬಂತು. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ನಾಲ್ಕು ತಿಂಗಳು ಹಕ್ಕಿ ನೋಡಿ ಬರೆದಿಡಬೇಕು. ಚೆನ್ನಾಗಿ ಬರೆದ ಒಬ್ಬರನ್ನು ತಂಡದವರು ಎರಡು ವರ್ಷ ಜೊತೆಗಿಟ್ಟುಕೊಂಡು ಕೆಲಸ ಕಲಿಸುತ್ತಾರೆ, ಮುಂದೆ ಓದಿಸುತ್ತಾರೆ. ಹುಡುಗರು ಹೆಸರು ಕೊಟ್ಟು ಮರೆತರು. ಅವಳು ಬರೆದಳು.

ಅವಳ ನೋಟ್‌ಬುಕ್ಕು ಕೈಗೆ ಬಂದಾಗ ನಾನು ಕೆಂಪು ಶಾಯಿಯ ಪೆನ್ನು ಹಿಡಿದು ಕೂತೆ. ನಮ್ಮಲ್ಲಿ ಅದೊಂದು ಪದ್ಧತಿ: ರಫ್ ಬುಕ್ಕನ್ನು ಮೇಷ್ಟ್ರು ತಿದ್ದಬೇಕು, ತಿದ್ದಿದ್ದನ್ನು ನೋಡಿ ವಿದ್ಯಾರ್ಥಿ ಫೇರ್ ಬುಕ್ಕಿಗೆ ಇಳಿಸಬೇಕು, ಕೊನೆಗೆ ಮೇಷ್ಟ್ರ ಸಹಿ. ಒಂದು ಪುಟದಲ್ಲಿ ಕೈ ನಿಂತಿತು. ಅವರ ತೊಗರಿ ಹೊಲದ ಬದುವಿನ ಹುಲ್ಲಿನಲ್ಲಿ ಲಾವಕ್ಕಿಯಂಥ ಒಂದು ಪುಟ್ಟ ಹಕ್ಕಿ ನಾಲ್ಕು ತತ್ತಿ ಇಟ್ಟಿತ್ತಂತೆ. ದೂರದಲ್ಲಿ ಯಾರೋ ಫಟಫಟಿ ಚಾಲೂ ಮಾಡಿದ ಹಾಗೆ ಕೂಗುವ, ಕತ್ತು ಕಪ್ಪಗಿರುವ ಹಕ್ಕಿ ಹೆಣ್ಣು. ಸಪ್ಪೆ ಬಣ್ಣದ, ಕಾವು ಕೂತ ಹಕ್ಕಿ ಗಂಡು. ಹೀಗೆಂದು ತಾರೀಖು, ವೇಳೆ ಸಮೇತ ಹನ್ನೊಂದು ದಿನ ಬರೆದಿದ್ದಳು.

ಕ್ಲಾಸಿನಲ್ಲೇ ಎಬ್ಬಿಸಿ ನಿಲ್ಲಿಸಿದೆ. "ಹ್ಯಾಟಿ ಕೋಳಿ ಕೂಗಿದ್ರ ಬೆಳಗಾಗ್ತದೇನವ್ವ?" ಅಂದೆ. ಹುಡುಗರು ಬೆಂಚು ಬಡಿದು ನಕ್ಕರು.

"ನಾ ನೋಡೀನ್ರಿ ಸರ್," ಅಂದಳು. "ನಮ್ಮೂರಾಗ ಹಕ್ಕಿ ಹಿಡಿಯವನ ಬುಟ್ಟ್ಯಾಗ ಕರೀ ಕುತ್ತಿಗಿದೇ ತತ್ತಿ ಇಟ್ಟದ್ರಿ. ನನ್ನ ಕೈಯಾಗ ಕೊಟ್ಟಿದ್ದ, ಇನ್ನಾ ಬೆಚ್ಚಗಿತ್ತು."

"ಪುಸ್ತಕ ಬರದವರು ಹುಚ್ಚರೇನು ಮತ್ತ?"

ಅವಳು ಕೂತಳು. ನಾನು ಹನ್ನೊಂದು ಕಡೆಯೂ ಹೆಣ್ಣನ್ನು ಹೊಡೆದು ಗಂಡು ಮಾಡಿದೆ, ಗಂಡನ್ನು ಹೆಣ್ಣು ಮಾಡಿದೆ. ವಾರದೊಳಗೆ ಫೇರ್ ಬುಕ್ಕು ಬಂತು, ಮುತ್ತಿನಂಥ ಅಕ್ಷರ. ನಾನು ತಿದ್ದಿದ್ದೆಲ್ಲ ಹಾಗೆ ಹಾಗೆಯೇ ಇಳಿದಿತ್ತು. ಸಹಿ ಹಾಕಿದೆ.

ಅದೇ ವಾರ ಅವಳ ಅಪ್ಪ ಕಾಲೇಜಿಗೆ ಬಂದ. ಸ್ಟಾಫ್ ರೂಮಿನ ಬಾಗಿಲಲ್ಲೇ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. "ಹಕ್ಕಿ ಕೆಲಸಕ್ಕ ಕಳಸೂದು ಬ್ಯಾಡ ಅಂತ ಕುಲದವರು ಅನ್ನಾಕತ್ತಾರ್ರಿ ಸರ್. ಹುಡುಗಿ ಎರಡ್ ತಿಂಗಳಿಂದ ಗಂಟು ಬಿದ್ದಾಳ. ನೀವು ಚೊಲೋ ಅಂದ್ರ ನಾ ಕಳಸ್ತೀನಿ," ಅಂದ. ಚೊಲೋ ಅಂದೆ. ದೊಡ್ಡ ಮನುಷ್ಯನ ಹಾಗೆ ಅವನ ಭುಜ ತಟ್ಟಿದೆ.

ಸಮೀಕ್ಷೆಯ ಮುಖ್ಯಸ್ಥರು ಹುಮನಾಬಾದಿನ ಸರಕಾರಿ ಬಂಗಲೆಯಲ್ಲಿ ಇಳಿದಿದ್ದರು. ಸಂಜೆ ಪ್ರಿನ್ಸಿಪಾಲರೂ ನಾನೂ ಹೋದೆವು. ಫೇರ್ ಬುಕ್ಕು ಅವರ ಕೈಯಲ್ಲಿತ್ತು. ಕ್ಯಾಂಪಿಗೆ ಹುಡುಗಿ ನಡೆಯುತ್ತದೆಯೇ ಎಂದು ಪ್ರಿನ್ಸಿಪಾಲರು ಕೇಳಿದ್ದಕ್ಕೆ ಅವರು, ಈಗಾಗಲೇ ಇಬ್ಬರಿದ್ದಾರೆ, ಹಕ್ಕಿಯ ಕೆಲಸಕ್ಕೆ ಬರುವ ಹೆಣ್ಣುಮಕ್ಕಳೇ ಅಪರೂಪ, ಮೂರನೆಯವಳು ಸಿಕ್ಕರೆ ಸಂತೋಷ ಅಂದರು. ಆಮೇಲೆ ಆ ಪುಟ ತೆಗೆದು ಮೇಜಿನ ಮೇಲಿಟ್ಟರು.

ಈ ಜಾತಿಯ ಹಕ್ಕಿಯಲ್ಲಿ ಕೂಗುವುದು ಹೆಣ್ಣು, ಕಾವು ಕೂಡುವುದು ಗಂಡು. ನೋಡಿದವರಿಗೆಲ್ಲ ಗೊತ್ತಿರುವ ಸಂಗತಿ ಅಂದರು. ಈ ಹುಡುಗಿ ಹನ್ನೊಂದು ದಿನ ಕಣ್ಣಾರೆ ಕಂಡೆ ಎಂದು ಬರೆದಿದ್ದಾಳೆ, ಬರೆದದ್ದು ಮಾತ್ರ ತಿರುಗುಮುರುಗು. ಹೊಲಕ್ಕೆ ಹೋಗದೆ ಮನೆಯಲ್ಲಿ ಕೂತು ಹೆಣೆದಿದ್ದಾಳೆ. ಮಿಕ್ಕ ಪುಟಗಳನ್ನು ಹೇಗೆ ನಂಬಲಿ? ದಡ್ಡರನ್ನು ತಿದ್ದಬಹುದು, ಸುಳ್ಳು ಬರೆಯುವವರನ್ನು ಈ ಕೆಲಸಕ್ಕೆ ತೆಗೆದುಕೊಳ್ಳಲಾರೆ ಅಂದರು.

ಅವಳ ರಫ್ ಬುಕ್ಕು ನನ್ನ ಹೆಗಲ ಚೀಲದಲ್ಲೇ ಇತ್ತು. ತೆಗೆದು ಮೇಜಿನ ಮೇಲಿಟ್ಟಿದ್ದರೆ ಸಾಕಿತ್ತು, ಬಾಯಿ ಬಿಡುವ ಅಗತ್ಯವೂ ಇರಲಿಲ್ಲ. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಯಿತು, ಚೀಲದ ಪಟ್ಟಿ ಗಟ್ಟಿಯಾಗಿ ಹಿಡಿಯಿತು. "ಹುಡುಗಿ ಹೀಗೆ ಮಾಡ್ತಾಳೆ ಅಂತ ನನಗೂ ಗೊತ್ತಿರಲಿಲ್ಲ," ಅಂದೆ. ಆ ಮಾತು ಆಡಿದ ನಾಲಿಗೆ ಇದೇ. ಇವತ್ತಿಗೂ ಇದೇ ನಾಲಿಗೆಯಲ್ಲಿ ಊಟ ಮಾಡುತ್ತಿದ್ದೇನೆ.

ಮರುದಿನ ಅವಳು ಕಾಲೇಜಿನ ಗೇಟಿನಲ್ಲೇ ಕಾದಿದ್ದಳು. ಏನಾಯಿತೆಂದು ಕೇಳುವ ಮೊದಲೇ ನಾನು ಹೇಳಿಬಿಟ್ಟೆ: "ಹೆಣ್ಣುಮಕ್ಕಳನ್ನ ತಗೊಳ್ಳಂಗಿಲ್ಲಂತವ್ವ. ನಾನೂ ಭಾಳ ಹೇಳಿ ನೋಡಿದೆ."

ಅಳುತ್ತಾಳೆ ಅಂದುಕೊಂಡಿದ್ದೆ, ಜಗಳಕ್ಕೆ ನಿಲ್ಲುತ್ತಾಳೆ ಎಂದು ಹೆದರಿದ್ದೆ. ಅವಳು, "ಹೌದ್ರಿ?" ಅಂದಳು. ಆಮೇಲೆ, "ಎಲ್ಲಾರೂ ಅದೇ ಹೇಳಿದ್ರಿ ಸರ್. ನಾನೇ ಕೇಳಲಿಲ್ಲ," ಅಂದಳು. ನನ್ನ ಸುಳ್ಳಿಗೆ ಸಾಕ್ಷಿ ಬೇಕಾಗಲಿಲ್ಲ. ಊರಿಗೆ ಊರೇ ಮೊದಲೇ ನಂಬಿಕೊಂಡಿದ್ದ ಮಾತು ಅದು. ನಾನು ಅದರ ಮರೆಯಲ್ಲಿ ಅಡಗಿಕೊಂಡೆ. ಸಮೀಕ್ಷೆಯವರು ನಮ್ಮ ಕಾಲೇಜಿನಿಂದ ಯಾರನ್ನೂ ಒಯ್ಯಲಿಲ್ಲ. ಅವಳು ಬಿ.ಎಡ್. ಮಾಡಿಕೊಂಡಳೆಂದು ಆಮೇಲೆ ಕೇಳಿದೆ. ಎರಡು ಸಲ ಪತ್ರ ಬರೆಯಲು ಕೂತು ಎರಡು ಸಲವೂ ಹರಿದೆ. ಹೆಂಡತಿ ಏನೆಂದು ಕೇಳಿದರೆ ಅವಳ ಮೇಲೆಯೇ ರೇಗಿದೆ.

ಹತ್ತು ಹನ್ನೆರಡು ವರ್ಷಗಳ ಮೇಲೆ, ಒಂದು ಮದುವೆ ಮುಗಿಸಿಕೊಂಡು ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. "ಶರಣ್ರಿ ಸರ್," ಎಂದು ಯಾರೋ ಅಂದರು. ಅವಳೇ. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಟೀಚರಾಗಿದ್ದಳು. ಪಕ್ಕದಲ್ಲಿ ಎರಡು ಜಡೆಯ ಒಬ್ಬ ಹುಡುಗಿ, ಮುಡಬಿಯವಳು, ಅವಳ ಹಳೆಯ ವಿದ್ಯಾರ್ಥಿನಿ. ಆಗ ತಾನೇ ಕಾಲೇಜು ಸೇರಿದ್ದಳು.

"ಇಕಿಗೆ ಹಕ್ಕಿ ಹುಚ್ಚು ಹಿಡದದ್ರಿ ಸರ್. ದಿನಾ ಬರಿಯಾಕತ್ತಾಳ. ಅದ್ರಾಗೇ ಮುಂದ ಓದ್ತೀನಿ ಅಂತಾಳ," ಅಂದಳು. "ನಾ ಬ್ಯಾಡ ಅಂದೀನಿ. ಆ ಕೆಲಸಕ್ಕ ಹೆಣ್ಣುಮಕ್ಕಳನ್ನ ತಗೊಳ್ಳಂಗಿಲ್ಲ, ಸುಮ್ಮ ಆಸೆ ಇಟ್ಕೋಬ್ಯಾಡ ಅಂದೀನಿ. ನನ್ನ ಮಾತು ಕೇಳವಲ್ಲಳು. ನೀವರೆ ಹೇಳ್ರಿ ಸರ್."

ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು.

"ತಗೋತಾರವ್ವ," ಅಂದೆ. "ಅವಶ್ಯ ತಗೋತಾರ. ನೀ ಬರಿ, ಹೋಗು."

ಟೀಚರಿಗೆ ಆಶ್ಚರ್ಯ. "ಹೌದ್ರಿ? ಯಾವಾಗಿಂದ್ರಿ ಸರ್?"

ಅದೊಂದು ಗಳಿಗೆ ದೇವರು ನನಗಾಗಿಯೇ ತೆರೆದಿಟ್ಟಿದ್ದ. ಮೊದಲಿನಿಂದಲೂ ತಗೋತಿದ್ದರು, ನೀನು ಕಂಡದ್ದೇ ಸರಿ ಇತ್ತು, ಕೆಡಿಸಿದವನು ನಾನು. ಇಷ್ಟು ಹೇಳಬೇಕಿತ್ತು.

"ಈಗೀಗ," ಅಂದೆ.

ಅವಳ ಮುಖ ಅರಳಿತು. "ಚೊಲೋ ಆತ್ರಿ," ಎಂದು ಹುಡುಗಿಯ ಬೆನ್ನು ಸವರಿದಳು. "ನೋಡವ್ವ, ನಮ್ಮ ಕಾಲಕ್ಕ ಇದು ಇದ್ದಿಲ್ಲ. ಸರ್ ನನ್ನ ಸಲುವಾಗಿ ಎಷ್ಟು ಬಡದಾಡಿದ್ರು ಗೊತ್ತದೇನು? ಕಾಲು ಮುಟ್ಟು."

ಇಬ್ಬರೂ ಬಗ್ಗಿ ನನ್ನ ಕಾಲು ಮುಟ್ಟಿದರು. ನಾನು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ.